ಜೋಡಿಸುಖದ ಚಾಪೆ

ಮದುವೆಯ ದಿನ ತವರು ಬಿಡುವ ಹೆಣ್ಣು ಅಳಬೇಕು. ಕಣ್ಣೀರು ಬಾರದಿದ್ದರೆ ಗಂಡಿನ ಕಡೆಯವರ ಕಿವಿಗೆ ಬೀಳುವಷ್ಟಾದರೂ ಮೂಗು ಏರಿಸಬೇಕು. ಲುವಾ ನಗುತ್ತಿದ್ದಳು. ಪೂರ್ವಿಕರ ಪೀಠದ ಮುಂದೆ ಊದುಬತ್ತಿ ಹಿಡಿದು ಬಾಗಿದಾಗ ನಕ್ಕಳು. ಗಂಡಿನ ಕಡೆಯ ಹಿರಿಯರು ಭಾಷಣದ ನಡುವೆ ಮದುಮಗನ ಹೆಸರನ್ನೇ ಮರೆತು ಪಕ್ಕದವನನ್ನು ಕೇಳಿದಾಗ ನಕ್ಕಳು. ಅವ್ವ ಓಲೆ ಹಾಕುವಾಗ ಕಿವಿಗೆ ಕಚಗುಳಿಯಾಗಿ ನಕ್ಕಳು. ನಕ್ಕು ನಕ್ಕು ಕೊನೆಗೆ ಬಿಕ್ಕಳಿಕೆ ಶುರುವಾಯಿತು.

ಸೋದರತ್ತೆ ಹಿಂದಿನಿಂದ ಬಂದು ಸೊಂಟ ಚಿವುಟಿದಳು. "ಅಳೇ ಮೂಳಿ! ಹೊಳೆಯಾಚೆ ಊರಿನವ್ರು ನೋಡ್ತಾವ್ರೆ. ತವರು ಬಿಡೋಕೆ ಕಾಯ್ತಾ ಕೂತಿದ್ಲು ಅಂದ್ಕೋತಾರೆ."

"ಕಾಯ್ತಾನೇ ಕೂತಿದ್ನಲ್ಲ ಅತ್ತೆ," ಎಂದು ಲುವಾ ಬಿಕ್ಕಳಿಸಿದಳು.

ಅದೇನೂ ಸುಳ್ಳಲ್ಲ. ಥಾಯ್ ಬಿನ್ ಸೀಮೆಯ ಈ ಚಾಪೆ ನೇಯುವ ಊರಿನಲ್ಲಿ ಹೆಣ್ಣುಮಕ್ಕಳು ಇಪ್ಪತ್ತು ದಾಟುವುದರೊಳಗೆ ಗಂಡನ ಮನೆ ಸೇರುತ್ತಾರೆ. ಲುವಾಗೆ ಇಪ್ಪತ್ತೇಳು. ಊರು ಅವಳ ಮದುವೆಯ ಆಸೆ ಬಿಟ್ಟಿತ್ತು, ಅವಳು ಬಿಟ್ಟಿರಲಿಲ್ಲ. ಎಡಗೈಯಲ್ಲಿ ಹೆಬ್ಬೆರಳಿದೆ, ಕಿರುಬೆರಳಿದೆ, ನಡುವೆ ಏನೂ ಇಲ್ಲ. ಹುಟ್ಟಿದ್ದೇ ಹಾಗೆ. ಚಿಕ್ಕವಳಿದ್ದಾಗ ಯಾರಾದರೂ "ಮಿಕ್ಕ ಬೆರಳೆಲ್ಲಿ ಮಗಾ?" ಎಂದು ಕೇಳಿದರೆ "ನಿಮ್ಮನೆ ಬಾತುಕೋಳಿ ತಿಂದದೆ, ತಂದ್ಕೊಡಿ" ಎನ್ನುತ್ತಿದ್ದಳು. ಇಲ್ಲದ ಬೆರಳುಗಳ ಕೆಲಸವನ್ನೆಲ್ಲ ಅವಳ ಬಾಯಿಯೇ ಮಾಡಿಕೊಡುತ್ತದೆ ಎಂದು ಅವಳಪ್ಪ ಹೇಳುವುದಿತ್ತು.

ಆ ಅಪ್ಪ, ಕಿಯೆಮ್, ಮಗಳ ಮದುವೆಯ ದಿನ ಮನೆಯಲ್ಲಿದ್ದೂ ಇಲ್ಲದಂತಿದ್ದ. ಹಿತ್ತಲಿನ ಮಗ್ಗದ ಕೊಟ್ಟಿಗೆಯಲ್ಲಿ ಒಣ ಜೊಂಡಿನ ಕಟ್ಟುಗಳ ನಡುವೆ ಕೂತು, ಬಂದವರಿಗೆಲ್ಲ ಅಲ್ಲಿಂದಲೇ ಟೀ ಕಳಿಸುತ್ತಿದ್ದ. ಹಾಗೆಂದು ಅವನು ಮುಖ ಗಂಟು ಹಾಕಿಕೊಂಡ ಮನುಷ್ಯ ಎಂದುಕೊಳ್ಳಬೇಡಿ. ಮಗ್ಗದ ಮುಂದೆ ಕೂತನೆಂದರೆ ಅವನಷ್ಟು ಸೊಗಸಾಗಿ ಸುಳ್ಳು ಹೇಳುವವರು ಆ ಸೀಮೆಯಲ್ಲಿಲ್ಲ. ಚಾಪೆ ನೇಯಲು ಇಬ್ಬರು ಬೇಕು, ಒಬ್ಬರು ಜೊಂಡಿನ ಎಳೆ ತೂರಿಸಬೇಕು, ಇನ್ನೊಬ್ಬರು ಆ ಎಳೆ ಬಿಗಿಯಾಗಿ ಕೂರುವಂತೆ ಹಣಿಗೆ ಬಡಿಯಬೇಕು. ಹದಿನೈದು ವರ್ಷ ಲುವಾ ಎಳೆ ತೂರಿಸಿದಳು, ಕಿಯೆಮ್ ಹಣಿಗೆ ಬಡಿದ, ಸುಳ್ಳು ಹೇಳಿದ, ಇಬ್ಬರೂ ನಕ್ಕರು. ಥಾಯ್ ಬಿನ್‌ನ ಎಷ್ಟೋ ದಂಪತಿಗಳು ಅವರಿಬ್ಬರ ನಗುವಿನ ಮೇಲೆಯೇ ಮಲಗುತ್ತಿದ್ದಾರೆ.

ಆದರೆ ಒಂದು ವಿಷಯದಲ್ಲಿ ಮಾತ್ರ ಕಿಯೆಮ್ ತಲೆ ಹೋದರೂ ಬಗ್ಗುವವನಲ್ಲ. ಮದುವೆ ಮನೆ, ಬಾಣಂತಿ ಮನೆ, ಇವೆರಡರ ಹೊಸ್ತಿಲು ಅವನು ದಾಟುತ್ತಿರಲಿಲ್ಲ. ಕೂಸುಗಳನ್ನು ಮುಟ್ಟುತ್ತಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತು. ಮೀಸೆ ಮೂಡದ ವಯಸ್ಸಿನಲ್ಲಿ ಅವನು ದಕ್ಷಿಣದ ಕಾಡಿಗೆ ಯುದ್ಧಕ್ಕೆ ಹೋದ. ಅಲ್ಲಿ ಶತ್ರುಗಳ ವಿಮಾನಗಳು ಮರದ ನೆತ್ತಿ ಸವರಿಕೊಂಡು ಬಂದು ಬಿಳಿ ಮಂಜು ಚೆಲ್ಲಿ ಹೋದವು. ಬಾಂಬು ಬೀಳಲಿಲ್ಲವಲ್ಲ ಎಂದು ಹುಡುಗರು ಖುಷಿಯಾಗಿ ಕೈ ಬೀಸಿದರಂತೆ. ಕೆಲವೇ ದಿನಕ್ಕೆ ಕಾಡೆಲ್ಲ ಎಲೆ ಉದುರಿಸಿ ಬೋಳಾಯಿತು. ಬಾಯಾರಿತ್ತು, ಆ ಮಂಜು ಬಿದ್ದ ತೊರೆಯ ನೀರನ್ನೇ ಕುಡಿದರು. ಯುದ್ಧ ಮುಗಿಸಿ ಬಂದು ಮದುವೆಯಾದ ಮೇಲೆ ಮೊದಲ ಮಗು ಉಸಿರಾಡಲಿಲ್ಲ. ಎರಡನೆಯವನು ದೋನ್. ಅವನ ತಲೆ ಬೆಳೆಯಿತು, ಮೈ ಬೆಳೆಯಲಿಲ್ಲ. ಏಳು ವರ್ಷ ಇದ್ದ. ಅಷ್ಟರಲ್ಲಿ ಹುಟ್ಟಿದ ತಂಗಿಯ ದನಿ ಕೇಳಿದರೆ ಕೇಕೆ ಹಾಕುತ್ತಿದ್ದ. ಆ ತಂಗಿಯೇ ಲುವಾ. ಅವಳ ಕೈ ನೋಡಿದ ದಿನವೇ ಕಿಯೆಮ್ ತನಗೆ ತಾನೇ ತೀರ್ಪು ಕೊಟ್ಟುಕೊಂಡ. ವಿಷ ಇರುವುದು ತನ್ನ ರಕ್ತದಲ್ಲಿ, ಇನ್ನು ಯಾರ ಹೊಸ ಮಂಚದ ಹತ್ತಿರವೂ, ಯಾರ ತೊಟ್ಟಿಲ ಹತ್ತಿರವೂ ಸುಳಿಯಕೂಡದು. ಲುವಾ ಕೂಸಾಗಿದ್ದಾಗ ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದನೇ ಹೊರತು ಒಂದು ದಿನವೂ ಎತ್ತಿಕೊಳ್ಳಲಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಲುವಾಗೆ ಈ ಮದುವೆಯಲ್ಲಿ ಚಿನ್ನ ಬೇಡವಾಗಿತ್ತು, ಬಾಡಿಗೆಗೆ ತಂದು ತೊಡಿಸಿದ ಬಿಳಿ ಗೌನೂ ಬೇಡವಾಗಿತ್ತು. ಅವಳಿಗೆ ಬೇಕಾಗಿದ್ದು ಒಂದೇ. ದಿಬ್ಬಣದ ಜೊತೆ ಅಪ್ಪ ಬರಬೇಕು, ತಾನು ಬಾಳುವ ಮನೆಯ ಹೊಸ್ತಿಲು ದಾಟಬೇಕು. ಅತ್ತಳು, ಬೈದಳು, ಒಂದು ಹೊತ್ತು ಉಪವಾಸವನ್ನೂ ಮಾಡಿದಳು.

"ನೀ ಬರ್ದಿದ್ರೆ ನಾನೂ ಹೋಗಲ್ಲಪ್ಪ."

"ನೀ ಹೋಗ್ದಿದ್ರೆ ತ್ವಾನ್ ಮತ್ತೆ ಹಾಡೋಕೆ ಶುರು ಮಾಡ್ತಾನೆ. ಊರು ತಡ್ಕೊಳಲ್ಲ ಮಗಾ."

ತ್ವಾನ್ ಎಂದರೆ ಮದುಮಗ. ಮೂರು ಚಕ್ರದ ಗಾಡಿಯಲ್ಲಿ ಊರೂರಿಗೆ ಚಾಪೆ ಸಾಗಿಸುವವನು. ಕತ್ತು ಉದ್ದ, ಮಾತು ಕಮ್ಮಿ. ಲುವಾಳ ಬಾಯಿಗೆ ಬಿದ್ದ ಮೊದಲ ದಿನವೇ ಬಾಲ ಮುದುರಿಕೊಂಡು ಹೋದ, ಮಾರನೆಯ ದಿನ ಸಾಗಿಸಲು ಚಾಪೆ ಇಲ್ಲದಿದ್ದರೂ ಬಂದ. ಅವನ ತಾಯಿ ಥಿನ್ ಒಂದು ಬೆಳೆ ಕೊಯ್ಲಿಗೆ ಬರುವಷ್ಟು ಕಾಲ ಈ ಸಂಬಂಧ ಬೇಡವೆಂದು ಹಟ ಹಿಡಿದಿದ್ದಳು. ತ್ವಾನ್ ತಾಯಿಗೆ ಎದುರಾಡಲಿಲ್ಲ. ದಿನಾ ಸಂಜೆ ಹೊಳೆಯ ಏರಿಯ ಮೇಲೆ ನಿಂತು ಪ್ರೇಮಗೀತೆ ಹಾಡಿದ. ಅವನ ಹಾಡು ಕೇಳಿ ಎಮ್ಮೆಗಳು ದಾರಿ ಬದಲಿಸಿದವು. ಕೊನೆಗೆ ಊರಿನವರೇ ಥಿನ್‌ಳ ಕಾಲಿಗೆ ಬಿದ್ದು ಒಪ್ಪಿಕೊಳ್ಳಮ್ಮ ಎಂದರು.

ಒಪ್ಪುವ ಮುಂಚೆ ಥಿನ್ ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಪಟ್ಟಣದ ಡಾಕ್ಟರ ಹತ್ತಿರ ಹೋದಳು. ಮೊಮ್ಮಕ್ಕಳು ನೆಟ್ಟಗೆ ಹುಟ್ಟುತ್ತವೋ ಇಲ್ಲವೋ, ಅಷ್ಟು ಹೇಳಿ ಎಂದಳು. ಡಾಕ್ಟರು ಒಳ್ಳೆಯವರು. ಆಗಬಹುದು, ಆಗದೆಯೂ ಇರಬಹುದು, ಅಪ್ಪನಿಗೆ ತಗುಲಿದ್ದು ಮಕ್ಕಳಿಗೆ ಎಷ್ಟು ಇಳಿಯುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

"ಇದ್ಕೆ ಬಸ್ ಚಾರ್ಜು ಕೊಟ್ಟು ಬಂದ್ನಾ?" ಎಂದು ಥಿನ್ ಮೆಟ್ಟಿಲಿಳಿಯುವಾಗಲೇ ಶುರು ಮಾಡಿದಳು. "ಸಂತೇಲಿ ಕಣಿ ಹೇಳೋಳು ಸುಳ್ಳನ್ನಾದ್ರೂ ನೆಟ್ಟಗೆ ಹೇಳ್ತಾಳೆ!"

ಅಲ್ಲಿಂದ ಊರು ತಲುಪುವವರೆಗೂ ಲುವಾಳ ಕಡೆ ನೋಡಲಿಲ್ಲ. ಬಸ್ಸಿಳಿಯುವಾಗ ಮಾತ್ರ, "ಕೈ ಕೊಡೇ, ಮೊಣಕಾಲು ಹಿಡ್ಕೊಂಡದೆ," ಎಂದಳು. ಲುವಾ ಬೇಕೆಂದೇ ಎಡಗೈ ಕೊಟ್ಟಳು. ಥಿನ್ ಹಿಡಿದುಕೊಂಡು ಇಳಿದಳು. ನಿಶ್ಚಯವಾದದ್ದು ಹಾಗೆ.

ಈಗ ಮದುವೆ ದಿನದ ಎಡವಟ್ಟಿಗೆ ಬರೋಣ. ಆ ಬೆಳಿಗ್ಗೆ ಕಿಯೆಮ್‌ನ ಕೊಟ್ಟಿಗೆಯಿಂದ ಎರಡು ಜೊತೆ ಚಾಪೆ ಹೊರಡಬೇಕಿತ್ತು. ಒಂದು ಲುವಾಳ ಮದುವೆಯ ಮಂಚಕ್ಕೆ. ಅದರ ಮೇಲೆ ಹಳೆಯ ಲಿಪಿಯಲ್ಲಿ ಕೆಂಪಗೆ ಅಚ್ಚೊತ್ತಿದ 'ಜೋಡಿಸುಖ'. ಇನ್ನೊಂದು ಅದೇ ಊರಿನ ಲಾಕ್ ಅಜ್ಜನಿಗೆ. ಅವನಿಗೆ ಎಂಬತ್ತು ತುಂಬಿದ ಸಂಭ್ರಮ, ಅದರ ಮೇಲೆ 'ದೀರ್ಘಾಯುಷ್ಯ'. ಸುರುಳಿ ಸುತ್ತಿ ಕೆಂಪು ಕಾಗದ ಹೊದಿಸಿದರೆ ಎರಡೂ ಒಂದೇ. ಚಾಪೆ ಕಟ್ಟುವುದು ಯಾವತ್ತೂ ಲುವಾಳ ಕೆಲಸ. ಮದುಮಗಳು ಇವತ್ತೊಂದು ದಿನ ಸುಮ್ಮನಿರು ಎಂದರೂ ಕೇಳದೆ ಗೌನು ಮೇಲೆತ್ತಿಕೊಂಡು ಕೊಟ್ಟಿಗೆಗೆ ಓಡಿ, ಹಾಡಿಕೊಂಡು ಸುತ್ತಿ, ಹಾಡಿಕೊಂಡು ಕಟ್ಟಿ, ಲಾಕ್ ಅಜ್ಜನ ಮನೆಯವರು ಬಂದಾಗ ಅವರಿಗೊಂದು ಕಟ್ಟು ಎತ್ತಿ ಕೊಟ್ಟಳು. ತಲೆ ಎಲ್ಲಿತ್ತೋ ದೇವರಿಗೇ ಗೊತ್ತು.

ದಿಬ್ಬಣ ಹೊರಟಿತು. ಅವ್ವ ರೂಢಿಯಂತೆ ಮನೆಯಲ್ಲೇ ಉಳಿದಳು. ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಅಪ್ಪ ಹತ್ತಿರ ಬರಲಿಲ್ಲ, ಕೈ ಬೀಸಿದ. ಲುವಾ ಗಾಡಿ ಹತ್ತದೆ ಅಪ್ಪನ ಕಡೆಗೇ ನೋಡುತ್ತ ನಿಂತಳು. ಅಷ್ಟರಲ್ಲಿ ತ್ವಾನ್ ಹೂಮಾಲೆ ಹಾಕಿದ ತನ್ನ ಗಾಡಿಯನ್ನು ಸ್ಟಾರ್ಟ್ ಮಾಡಿದ. ಅದು ಭಯಂಕರವಾಗಿ ಕೆಮ್ಮಿ ಹೊಗೆಯಲ್ಲಿ ಹಿರಿಯರನ್ನೆಲ್ಲ ಮುಳುಗಿಸಿಬಿಟ್ಟಿತು, ಇವಳಿಗೆ ಮತ್ತೆ ನಗು. ಹೊಳೆ ದಾಟುವಾಗ ದೋಣಿ ಓಲಾಡಿತು, ಬೇಯಿಸಿದ ಕೋಳಿಯ ತಟ್ಟೆ ಹಿಡಿದಿದ್ದ ಚಿಕ್ಕಪ್ಪ ಕೋಳಿಯನ್ನು ಉಳಿಸಲು ಹೋಗಿ ತನ್ನ ಟೋಪಿಯನ್ನು ಹೊಳೆಗೆ ಕೊಟ್ಟ.

ತ್ವಾನ್‌ನ ಮನೆಯಲ್ಲಿ ಧ್ವನಿವರ್ಧಕ ಕಿವಿ ಹರಿಯುವಂತೆ ಅರಚುತ್ತಿತ್ತು. ಮಂಚದ ಮನೆಯಲ್ಲಿ ಬೋಂಗ್ ಅಜ್ಜಿ ಆಗಲೇ ಎಲೆಯಡಿಕೆ ಮೆಲ್ಲುತ್ತ ಕಾದಿದ್ದಳು. ಮದುವೆಯ ಮಂಚಕ್ಕೆ ಚಾಪೆ ಹಾಸುವುದು ಯಾರೋ ಮಾಡುವ ಕೆಲಸವಲ್ಲ. ಗಂಡ ಬದುಕಿರಬೇಕು, ಮನೆ ತುಂಬ ಗಟ್ಟಿಮುಟ್ಟಾದ ಗಂಡುಹೆಣ್ಣು ಮಕ್ಕಳಿರಬೇಕು, ಕೈಗುಣ ಒಳ್ಳೆಯದಿರಬೇಕು. ಬೋಂಗ್ ಅಜ್ಜಿಗೆ ಒಂಬತ್ತು ಮಕ್ಕಳು, ಒಂದಕ್ಕಾದರೂ ಶೀತವಾದದ್ದನ್ನು ಯಾರೂ ಕಂಡಿಲ್ಲ. ಅವಳ ಕೈಗೆ ಅಷ್ಟು ಬೇಡಿಕೆ. ಥಿನ್ ಒಂದು ತಿಂಗಳು ಮುಂಚೆಯೇ ಹೇಳಿಟ್ಟಿದ್ದಳು.

ಮದುಮಗಳು ಒಳಗೆ ಬಂದಳು, ಹೆಂಗಸರು ಬಾಗಿಲಲ್ಲಿ ಮುಗಿಬಿದ್ದರು. ಅಜ್ಜಿ ಕೆಂಪು ಕಾಗದ ಹರಿದು ಮೊದಲ ಚಾಪೆಯನ್ನು ಮಂಚದ ಮೇಲೆ ಬೀಸಿ ಬಿಚ್ಚಿದಳು. ಮಂಚದ ಉದ್ದಗಲಕ್ಕೂ 'ದೀರ್ಘಾಯುಷ್ಯ' ಹರಡಿಕೊಂಡಿತು, ನಾಲ್ಕು ಮೂಲೆಯಲ್ಲಿ ನಾಲ್ಕು ಆಮೆ.

"ಅಯ್ಯಯ್ಯೋ! ಇದು ಮುದುಕರ ಚಾಪೆ!"

"ಒಳ್ಳೇದೇ ಆಯ್ತು ಬಿಡಿ, ಎಂಬತ್ತು ವರ್ಷ ಬಾಳ್ಲಿ," ಎಂದಿತು ಹಿಂದಿನಿಂದ ಒಂದು ದನಿ.

"ಆಮೆ ಬೇರೆ ಅದೆ. ತ್ವಾನ್‌ನಂಗೇ ನಿಧಾನ," ಎಂದಿತು ಇನ್ನೊಂದು.

ಲುವಾ ಬಾಯಿ ಮುಚ್ಚಿಕೊಂಡಳು. ಮೊದಲು ಬಂದದ್ದು ನಗುವೇ. ಹಾಗಾದರೆ ಲಾಕ್ ಅಜ್ಜ ಈ ಹೊತ್ತು ಯಾವುದರ ಮೇಲೆ ಕೂತಿದ್ದಾನೆ ಎಂಬುದು ಹೊಳೆದು ಗೋಡೆ ಹಿಡಿದುಕೊಳ್ಳಬೇಕಾಯಿತು. ಆದರೆ ಬೋಂಗ್ ಅಜ್ಜಿ ನಗಲಿಲ್ಲ. ಕೈಯನ್ನು ಅಂಗಿಗೆ ಒರೆಸಿಕೊಂಡಳು, ಏನೋ ಅಂಟಿದವಳಂತೆ.

"ಇಷ್ಟು ಮದುವೆಗೆ ಹಾಸಿದೀನಿ, ಇಂಥದ್ದು ಕಂಡಿಲ್ಲ. ಇದು ಶಕುನ ಕಣೇ ಥಿನ್. ಆ ಮನೆಯಿಂದ ನೆಟ್ಟಗಿರೋದು ಏನು ತಾನೇ ಬರ್ತದೆ? ನಂಗೂ ಮೊಮ್ಮಕ್ಕಳವ್ರೆ. ನನ್ನ ಕೈ ನಾ ಕೆಡಿಸ್ಕೊಳಲ್ಲ."

ಹೇಳಿದವಳು ಮನೆಗೆ ಹೋಗಲಿಲ್ಲ. ಊಟ ಆಗಿರಲಿಲ್ಲವಲ್ಲ, ಅಡುಗೆಮನೆಗೆ ಹೋಗಿ ಕೂತಳು.

ಲುವಾಳ ನಗು ಅಲ್ಲಿಗೆ ನಿಂತಿತು. 'ಆ ಮನೆಯಿಂದ' ಎಂಬ ಮಾತು ಅವಳಿಗೆ ಹೊಸದಲ್ಲ, ಬೆನ್ನ ಹಿಂದೆ ಕೇಳಿ ಕೇಳಿ ಕಿವಿ ಜಡ್ಡಾಗಿತ್ತು. ಆದರೆ ಇಂದು ಅದನ್ನು ಮಂಚದ ಪಕ್ಕದಲ್ಲಿ ನಿಂತು ಹೇಳಿದ್ದರು. ಅಪ್ಪ ಬಾರದಿದ್ದುದೇ ಒಳ್ಳೆಯದಾಯಿತು ಎಂದು ಅವಳಿಗೆ ಮೊದಲ ಬಾರಿಗೆ ಅನಿಸಿತು. ಹಾಗನಿಸಿದ್ದಕ್ಕೆ ತನ್ನ ಮೇಲೆಯೇ ಕೋಪ ಬಂತು.

ಥಿನ್ ಅಂಗಳಕ್ಕೂ ಮಂಚದ ಮನೆಗೂ ಓಡಾಡುತ್ತಿದ್ದಳು. ನಡುಹಗಲಿನ ಶುಭಹೊತ್ತಾದ ಕುದುರೆಯ ಗಳಿಗೆ ಮುಗಿಯುವುದರೊಳಗೆ ಚಾಪೆ ಬೀಳಬೇಕು, ಬಿಸಿಲು ಆಗಲೇ ಅಂಗಳದ ನಡುವಿಗೆ ಬಂದಿತ್ತು. ತ್ವಾನ್ ಫೋನು ಹಿಡಿದು "ಹಲೋ, ಚಾಪೆ, ಚಾಪೆ!" ಎಂದು ಕಿರುಚುತ್ತಿದ್ದ. ಧ್ವನಿವರ್ಧಕದ ಅಬ್ಬರದಲ್ಲಿ ಅವನಿಗೇ ಅವನ ಮಾತು ಕೇಳುತ್ತಿರಲಿಲ್ಲ.

ಆಗ ಬೇಲಿಯಾಚೆ ಸೈಕಲ್ ಬೆಲ್ಲು ಕೇಳಿತು. ಬೇಲಿಯ ಮೇಲಿಂದ ಕೆಂಪು ಕಾಗದದ ಸುರುಳಿಯೊಂದು ಎದ್ದು ನಿಂತಿತು, ಅದರ ಕೆಳಗೆ ಬೆವರಿಳಿಯುವ ಒಂದು ಮುಖ.

"ಯಾರಾದ್ರೂ ತಗೊಳಿ! ನಾ ಹೊರಟೆ!"

ಲುವಾ ಗೌನು ಎರಡೂ ಕೈಯಲ್ಲಿ ಬಾಚಿಕೊಂಡು ಓಡಿದಳು. ಅಪ್ಪನ ಪ್ಯಾಂಟಿಗೆ ಮಂಡಿಯವರೆಗೆ ಕೆಸರು. "ಅಪ್ಪ! ನೀನ್ಯಾಕೆ ತಂದೆ?"

"ಇನ್ಯಾರು ತರೋರು? ಗಂಡಸ್ರೆಲ್ಲಾ ನಿನ್ ದಿಬ್ಬಣಕ್ಕೆ ಬಂದವ್ರೆ, ಉಳಿದೋರು ಲಾಕ್ ಅಜ್ಜನ ಮನೇಲಿ ಕುಡ್ದು ಬಿದ್ದವ್ರೆ." ಏದುಸಿರು ಬಿಡುತ್ತಲೇ ಅವನಿಗೆ ಕಥೆಯ ರುಚಿ ಹತ್ತಿತು. "ಅಲ್ಲಿ ಏನಾಗದೆ ಗೊತ್ತಾ? ಚಾಪೆ ಬಿಚ್ಚಿದ್ರೆ ಜೋಡಿಸುಖ! ಅಜ್ಜನ ಹೆಂಡ್ತಿ ನಾ ಅದ್ರ ಮೇಲೆ ಕೂರಲ್ಲ, ನಾಚ್ಕೆ ಆಗ್ತದೆ ಅಂತ ಬಾಗಿಲ ಹಿಂದೆ ಹೋಗಿ ನಿಂತವ್ಳೆ. ಅಜ್ಜ ಎದ್ದೇಳಲ್ಲ ಅಂತಾನೆ! ನಮ್ಮ ಮದ್ವೇಲಿ ಬಡ್ತನ, ಬರೀ ನೆಲ ಇತ್ತು, ಈಗ ಸಿಕ್ಕದೆ, ಬಿಡಲ್ಲ ಅಂತಾನೆ. ಒಂದ್ ಲೋಟ ಕುಡಿಸಿ, ಅವನು ಕಣ್ಣು ಮುಚ್ಚಿದಾಗ ಕೆಳಗಿಂದ ಎಳ್ಕೊಂಡು ಬಂದೆ."

ಅಂಗಳದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಲುವಾಗೆ ಮತ್ತೆ ಬಿಕ್ಕಳಿಕೆ. ಕಿಯೆಮ್ ಸುರುಳಿಯನ್ನು ಅವಳ ತೋಳಿಗೆ ಹಾಕಿ ಸೈಕಲ್ ತಿರುಗಿಸಿದ. ಥಿನ್ ಬಂದು ಹಿಂದಿನ ಚಕ್ರಕ್ಕೆ ಕಾಲು ಅಡ್ಡ ಇಟ್ಟಳು.

"ಎಲ್ಲಿಗೆ ಬೀಗ್ರೇ? ಒಳಗೆ ಬನ್ನಿ."

"ಬೇಡ ತಾಯಿ. ನಂಗೆ ಇಂಥ ಮನೆ ಆಗಿಬರಲ್ಲ." ಕಿಯೆಮ್ ನಗುತ್ತಲೇ ಹೇಳಲು ನೋಡಿದ, ಆಗಲಿಲ್ಲ. "ನನ್ನ ಮೈಯಲ್ಲಿರೋದು ಏನು ಅಂತ ನಿಮ್ಗೆ ಗೊತ್ತಲ್ಲ. ಹೊಸ ಮಂಚ. ನಾ ದೂರ ಇದ್ರೆ ನಿಮ್ಗೇ ಒಳ್ಳೇದು."

ಲುವಾ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿ ಎಡಗೈಯನ್ನು ಅಪ್ಪನ ಮೂಗಿನ ಮುಂದೆ ಹಿಡಿದಳು.

"ಈ ಕೈ ಆ ಮಂಚಕ್ಕೆ ಹೋಗ್ಬಹುದು, ನಿನ್ನ ಕೈ ಹೋಗ್ಬಾರ್ದಾ? ನಿಂದು ವಿಷ ಆದ್ರೆ ನಾನೇನಪ್ಪ, ಪಾಯಸವಾ?" ಒಂದು ಬಿಕ್ಕಳಿಕೆ ಬಂದು ಹೋಯಿತು. "ವಿಮಾನ ನೀ ಓಡಿಸಿದ್ಯಾ? ಬಾಯಾರಿತ್ತು, ನೀರು ಕುಡ್ದೆ. ಅಷ್ಟೇ ತಾನೇ ನೀ ಮಾಡಿದ್ದು? ನಿನ್ ಜಾಗದಲ್ಲಿ ನಾನಿದ್ರೂ ಕುಡೀತಿದ್ದೆ!"

ಕಿಯೆಮ್ ಅವಳ ಕೈ ಸರಿಸಿ ಸೈಕಲ್ ಮುಂದಕ್ಕೆ ತಳ್ಳಲು ನೋಡಿದ, ಥಿನ್ ಚಕ್ರದಿಂದ ಕಾಲು ತೆಗೆಯಲಿಲ್ಲ.

"ನನ್ ಗಂಡನೂ ಅದೇ ಕಾಡಲ್ಲಿದ್ದ ಕಿಯೆಮ್ ಅಣ್ಣ," ಎಂದಳು ಥಿನ್. ಅವಳ ದನಿ ಅಷ್ಟು ಸಣ್ಣದಾದದ್ದನ್ನು ಊರು ಕೇಳಿರಲಿಲ್ಲ. "ಅವನೂ ಅದೇ ನೀರು ಕುಡ್ದವನೇ. ನಮ್ ತ್ವಾನ್‌ಗೆ ಹತ್ತೂ ಬೆರಳು ಬಂದ್ವು. ಅದು ನನ್ ಹೆಚ್ಚುಗಾರಿಕೆ ಅಂದ್ಕೊಂಡು ನಿನ್ ಮಗಳನ್ನ ಬೇಡ ಬೇಡ ಅಂದೆ. ಬಸ್ಸಲ್ಲಿ ಬರೋವಾಗ ಯೋಚ್ನೆ ಮಾಡ್ದೆ. ನನ್ ಹೆಚ್ಚುಗಾರಿಕೆ ಏನಿತ್ತು? ಏನೂ ಇರ್ಲಿಲ್ಲ." ಆಮೇಲೆ ಹಳೆಯ ದನಿ ವಾಪಸು ಬಂತು. "ಒಂಬತ್ತು ಮಕ್ಕಳ ಕೈ ಕರೆಸಿದ್ದೆ, ಅದು ಅಡುಗೆಮನೇಲಿ ಕೋಳಿ ತೊಡೆ ಹಿಡ್ಕೊಂಡು ಕೂತದೆ. ಚಾಪೆ ನೇಯ್ದೋನು ಇಲ್ಲೇ ಅವ್ನೆ. ಗಳಿಗೆ ಓಡ್ತಾ ಅದೆ. ಹಾಸು ಬಾ!"

"ನಾನಾ?"

"ಇಲ್ಲ, ಸೈಕಲ್ಲು! ಏ ತ್ವಾನ್, ಕಂಬದ ಥರ ನಿಂತಿದೀಯಲ್ಲ, ನಿಮ್ಮಾವನ್ನ ಹಿಡ್ಕೊಳೋ!"

ತ್ವಾನ್ ಒಂದು ತೋಳು ಹಿಡಿದ, ಲುವಾ ಇನ್ನೊಂದು. ಕಿಯೆಮ್‌ನ ಕಾಲು ನೆಲ ಮುಟ್ಟಿತೋ ಇಲ್ಲವೋ ಹೇಳುವುದು ಕಷ್ಟ. ಹೊಸ್ತಿಲ ಹತ್ತಿರ ಒಮ್ಮೆ ಎಳೆದು ನಿಂತ. ಲುವಾ ಹಿಂದಿನಿಂದ ತಲೆಯಿಂದ ಗುದ್ದಿ ತಳ್ಳಿದಳು. ತಲೆಯ ಹೂವು ಕಿತ್ತು ಬಿತ್ತು, ಅಪ್ಪ ಒಳಗೆ ಬಿದ್ದ. ಹೆಂಗಸರು ದಾರಿ ಬಿಟ್ಟು, ಮತ್ತೆ ಮುಂಚಿಗಿಂತ ಹೆಚ್ಚು ಒತ್ತಾಗಿ ಮುಗಿಬಿದ್ದರು.

ಕೈಕಾಲಿಗೆ ನೀರು ಕೊಟ್ಟರು. ತೊಳೆದ ಕೈಯನ್ನು ಮತ್ತೆ ತೊಳೆದ, ಮೂರನೆಯ ಸಲ ತೊಳೆಯಲು ಹೋದಾಗ ಥಿನ್ ತಂಬಿಗೆ ಕಿತ್ತುಕೊಂಡಳು. ಆಮೆಯ ಚಾಪೆ ತೆಗೆದಿಟ್ಟು, ತಾನು ತಂದ ಒಂದು ಚಾಪೆಯನ್ನು ಅಕ್ಷರ ಮೇಲಾಗಿ ಹಾಸಿದ. ಇನ್ನೊಂದನ್ನು ಅದರ ಮೇಲೆ ಮಗುಚಿ ಮುಖಕ್ಕೆ ಮುಖ ಕೂಡಿಸಿದ. ಮೂಲೆಗಳನ್ನು ಸರಿ ಮಾಡಿದ. ಅಂಗೈಯಿಂದ ಸವರಿದ, ತಲೆಯ ಕಡೆಯಿಂದ ಕಾಲಿನ ಕಡೆಗೆ. ಅಷ್ಟರವರೆಗೆ ಅದು ಅವನಿಗೆ ಬರುವ ಕೆಲಸ, ಕೈ ತಾನೇ ಮಾಡಿತು.

ಹಾಸಿದವರು ಹಾರೈಸಬೇಕು. ಎಲ್ಲರೂ ಕಾದರು. ಕಿಯೆಮ್ ಮಂಚದ ಅಂಚು ಹಿಡಿದು ನಿಂತೇ ಇದ್ದ.

"ಹೇಳೋಕ್ ಬರಲ್ವಾ?" ಅಡುಗೆಮನೆಯಿಂದ ಬೋಂಗ್ ಅಜ್ಜಿ ತುಂಬಿದ ಬಾಯಲ್ಲೇ ಕೂಗಿದಳು. ಅವಳಿಗೆ ತಡೆಯಲಾಗಲಿಲ್ಲ. "ಲಕ್ಷಣವಾದ ಮಕ್ಕಳಾಗ್ಲಿ, ಬೊಟ್ಟು ಮಾಡಿ ತೋರ್ಸೋ ಊನ ಒಂದೂ ಇರ್ದೇ ಇರ್ಲಿ ಅನ್ನು! ಎಲ್ರೂ ಅದನ್ನೇ ಅನ್ನೋದು!"

ಲುವಾ ಅಪ್ಪನ ಮುಖ ನೋಡಿದಳು. ಅವನು ಆ ಮಾತು ಆಡಲಾರ. ಆಡಿದರೆ ದೋನ್ ಹೊರಗುಳಿಯುತ್ತಾನೆ, ಎದುರಿಗೆ ನಿಂತಿರುವ ಇವಳೂ ಹೊರಗುಳಿಯುತ್ತಾಳೆ. ಅದು ಅವಳಿಗೆ ತಿಳಿಯಿತು. ಏನೂ ಹೇಳದೆ ಬಂದುಬಿಡಲಿ, ಇಲ್ಲಿಯವರೆಗೆ ಬಂದದ್ದೇ ಸಾಕು ಎಂದುಕೊಂಡಳು.

ಕಿಯೆಮ್ ಬಗ್ಗಿ ಚಾಪೆಯ ಮೇಲೆ ಎರಡೂ ಕೈ ಊರಿದ.

"ಬನ್ರಪ್ಪಾ," ಎಂದ. ಅಲ್ಲಿದ್ದವರಿಗಲ್ಲ, ಚಾಪೆಗೆ ಹೇಳಿದ. "ಯಾರಾದ್ರೂ ಬನ್ನಿ, ಹೆಂಗಾದ್ರೂ ಬನ್ನಿ. ಬೆರಳು ಹತ್ತಿರ್ಲಿ, ಎರಡಿರ್ಲಿ, ಹೆದರ್ಕೋಬೇಡಿ. ತಾತ ಇದೀನಿ. ತಾತ ಎತ್ಕೋತೀನಿ."

ತನ್ನ ಬಾಯಿಂದ ಬಂದದ್ದು ಏನೆಂದು ಕಿಯೆಮ್‌ಗೆ ಆಗ ತಾನೇ ಕೇಳಿಸಿದಂತಿತ್ತು. ನೆಟ್ಟಗಾಗಿ, ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ. ಆಮೇಲೆ ಮಗಳ ಕಡೆ ತಿರುಗಿದ.

"ಎತ್ಕೋತೀನಿ ಮಗಾ," ಎಂದ.